ಹದಿಮೂರನೆಯ ಚಾಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸರ್ಕಾರಿ ಮೊಹರಿನ ಲಕೋಟೆ ಕಂಡರೆ ನನಗೆ ಹೆದರಿಕೆ. ಒಳಗೆ ಏನಿದೆ ಎನ್ನುವುದು ಆಮೇಲಿನ ಮಾತು. ಟಪಾಲಿನವನು ಕಂದು ಲಕೋಟೆಯನ್ನು ಚೀಲದಿಂದ ಅರ್ಧ ಹೊರಗೆಳೆಯುವಷ್ಟರಲ್ಲಿ ನಾನು ಕಳೆದ ಹತ್ತು ವರ್ಷಗಳಲ್ಲಿ ಮಾಡಿದ ತಪ್ಪುಗಳನ್ನೆಲ್ಲ ನೆನೆಸಿಕೊಳ್ಳಲು ಶುರುಮಾಡಿರುತ್ತೇನೆ. ದೊಡ್ಡ ತಪ್ಪು ಮಾಡಿದವರು ಹೀಗೆ ಒದ್ದಾಡುವುದಿಲ್ಲ. ಅವರು ಲಕೋಟೆಯನ್ನು ಒಡೆಯದೆ ಕಿಟಕಿಯ ಸರಳಿಗೆ ಸಿಕ್ಕಿಸಿ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಾರೆ. ಈ ಸಂಕಟವೆಲ್ಲ ನನ್ನಂಥ ಚಿಲ್ಲರೆ ತಪ್ಪಿನವರಿಗೆ. ನನ್ನ ಹೆಂಡತಿ ಸೀತಮ್ಮ ಇದನ್ನೇ ಇನ್ನೂ ಚಿಕ್ಕದಾಗಿ ಹೇಳುತ್ತಾಳೆ: "ನಿಮಗೆ ಕದಿಯೋ ಧೈರ್ಯವೂ ಇಲ್ಲ, ಕದಿಯದೆ ಇರೋ ತಾಳ್ಮೆಯೂ ಇಲ್ಲ." ಈ ಮಾತು ಹುಟ್ಟಿದ್ದು ಒಂದು ಚಾಕುವಿನ ದೆಸೆಯಿಂದ.

ಆಗ ನಾನು ಬಣಕಲ್ಲಿನ ಹತ್ತಿರ ತಮ್ಮಣ್ಣಗೌಡರ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಹಗಲು ಗೋಣಿಚೀಲಗಳ ಲೆಕ್ಕ ಬರೆಯುವುದು, ಸಂಜೆ ಬಿಳಿಯರ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು. ಮೊದಲಿನ ಎರಡನ್ನು ಯಾರು ಬೇಕಾದರೂ ಮಾಡಿಯಾರು. ಮೂರನೆಯದಕ್ಕೆ ಮಾತ್ರ ನಾನೇ ಬೇಕು ಎಂದು ನನ್ನ ಹೆಮ್ಮೆ. ಗೌಡರು ಒಳ್ಳೆಯವರು, ಮಾತು ಕಡಿಮೆ. ನಾನು ಬರೆದ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲಿ ಎಂದು ಬೆರಳಿನಿಂದಲೇ ಕೇಳಿ, ನಾನು ತೋರಿಸಿದಲ್ಲಿ ರುಜು ಹಾಕುತ್ತಿದ್ದರು. ಓದುವ ಗೊಡವೆಗೆ ಅವರು ಹೋಗಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಆ ವರ್ಷ ಅವರಿಗೆ ಇಂಗ್ಲೆಂಡಿನ ಚಾಕು ತರಿಸುವ ಮನಸ್ಸಾಯಿತು. ಕಾಫಿ ಗಿಡ ಸವರುವುದಕ್ಕೆ ನಮ್ಮ ಕುಲುಮೆಯ ಚಾಕುಗಳು ಒರಟು, ತೊಗಟೆ ಸೀಳುತ್ತವೆ, ಪಕ್ಕದ ತೋಟದ ದೊರೆಯ ಬಳಿ ಇರುವಂಥ ಬಾಗಿದ ಅಲಗಿನ ಚಾಕು ಒಂದು ಡಜನ್ ಬರಲಿ ಎಂದರು. ಕ್ಯಾಟಲಾಗು ತರಿಸಿದೆ. ಅದರ ಕೊನೆಯ ಪುಟದಲ್ಲಿ ನನ್ನ ಗ್ರಹಚಾರ ಅಚ್ಚಾಗಿತ್ತು: ಒಂದು ಡಜನ್ ತರಿಸಿದವರು ಈ ಪುಟದ ಯಾವುದಾದರೂ ಒಂದು ಜೇಬಿನ ಚಾಕುವನ್ನು ಕಂಪನಿಯ ಕಾಣಿಕೆಯಾಗಿ ಆರಿಸಿಕೊಳ್ಳಬಹುದು.

ನಾನು ಆರಿಸಿದ್ದು ಜಿಂಕೆ ಕೊಂಬಿನ ಹಿಡಿಯದು. ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಅಲಗು ತಾನೇ ಚಿಮ್ಮಿ ಹೊರಗೆ ಬರುತ್ತದೆ ಎಂದು ಕೆಳಗೆ ವಿವರಣೆ. ಅದು ನನಗೆ ಯಾಕೆ ಬೇಕಾಗಿತ್ತು ಎಂದು ಕೇಳಬೇಡಿ. ಹಣ್ಣು ಹೆಚ್ಚಲು ಸೀತಮ್ಮನ ಬಳಿ ಮೆಟ್ಟುಗತ್ತಿ ಇದೆ, ಅದರ ಮುಂದೆ ನನ್ನನ್ನು ಕೂರಿಸುವ ಯೋಚನೆ ಅವಳಿಗೆ ಯಾವತ್ತೂ ಬಂದಿಲ್ಲ. ನಾನು ಕೊಯ್ಯುವ ವಸ್ತು ಎಂದರೆ ಪೆನ್ಸಿಲ್ ಒಂದೇ, ಅದಕ್ಕೆ ಹಳೆಯ ಬ್ಲೇಡು ಸಾಕು. ಆದರೆ ಹಾಜರಿ ಕರೆಯುವಾಗ, ಆಳುಗಳೆಲ್ಲ ಸಾಲಾಗಿ ನಿಂತಿರುವಾಗ, ಜೇಬಿನಿಂದ ಅದನ್ನು ತೆಗೆದು ಗುಂಡಿ ಒತ್ತಿ, ಏನೂ ಆಗದವನಂತೆ ಪೆನ್ಸಿಲ್ ಚೂಪು ಮಾಡುವ ಚಿತ್ರ ನನ್ನ ಕಣ್ಣ ಮುಂದೆ ಬಂದು ಕೂತಿತು. ಕಾಣಿಕೆ ಸಲ್ಲಬೇಕಾದ್ದು ಗೌಡರಿಗೆ ಎಂಬುದು ಗೊತ್ತಿತ್ತು. ಕೇಳಲು ನಾಚಿಕೆಯಾಯಿತು. ಕಾಗದದ ಕೊನೆಯ ಸಾಲಿನಲ್ಲಿ ಆ ಚಾಕುವಿನ ನಂಬರು ಸೇರಿಸಿದೆ, ಗೌಡರು ಬೆರಳಿನಲ್ಲಿ ಎಲ್ಲಿ ಎಂದರು, ನಾನು ತೋರಿಸಿದೆ, ಅವರು ರುಜು ಹಾಕಿದರು.

ನಾಲ್ಕು ತಿಂಗಳಾದ ಮೇಲೆ, ಕೊಯ್ಲು ಮುಗಿಯುವ ಹೊತ್ತಿಗೆ, ಚಾಕುಗಳ ಬದಲು ಆ ಕಂದು ಲಕೋಟೆ ಬಂತು. ಘಟ್ಟದ ಕೆಳಗಿನ ಬಂದರಿನ ಸುಂಕದ ಕಚೇರಿಯಿಂದ. ಹಡಗಿನಲ್ಲಿ ಬಂದ ಪೆಟ್ಟಿಗೆಯಲ್ಲಿ ಚಾಕುಗಳಿರುವುದರಿಂದ, ಒಂದೊಂದರ ಅಲಗಿನ ಉದ್ದ ಎಷ್ಟು, ಬಾಯಿ ಒಂದು ಕಡೆಯೋ ಎರಡು ಕಡೆಯೋ, ಮಡಚುವುದೋ ಮಡಚದಿರುವುದೋ, ಯಾವ ಕೆಲಸಕ್ಕೆ ಎಂದು ಜೊತೆಯ ಫಾರಮಿನಲ್ಲಿ ತುಂಬಿ ಕಳಿಸತಕ್ಕದ್ದು. ಕಸುಬಿನ ಉಪಕರಣ ಎಂದು ಮನದಟ್ಟಾದರೆ ಬಿಡಲಾಗುವುದು, ಇಲ್ಲವಾದರೆ ಅದು ಆಯುಧ, ಆಯುಧಕ್ಕೆ ಲೈಸೆನ್ಸು ಬೇಕು. ನಾನು ಮೊದಲನೆಯ ಸಾಲಿನಲ್ಲಿ 'ಕಾಫಿ ಗಿಡ ಸವರಲು' ಎಂದು ಅಂದವಾಗಿ ಬರೆದೆ. ಎರಡನೆಯ ಸಾಲಿನಿಂದ ಕೆಳಗೆ ಡಿಟ್ಟೋ ಗೀಟು. ಹಾಜರಿ ಬರೆದು ಬರೆದು ನನ್ನ ಕೈಗೆ ಇದು ಅಂಟಿಕೊಂಡ ಚಾಳಿ. ಅರವತ್ತು ಆಳು ಗೊಬ್ಬರ ಹಾಕಿದರೆ ಒಂದು ಸಲ ಗೊಬ್ಬರ, ಐವತ್ತೊಂಬತ್ತು ಸಲ ಡಿಟ್ಟೋ. ಹದಿಮೂರನೆಯ ಸಾಲಿಗೆ ಬಂದಾಗ ಕೈ ಒಂದು ಗಳಿಗೆ ನಿಂತಿತು. 'ರೈಟರನ ಪೆನ್ಸಿಲ್ ಕೆತ್ತಲು' ಎಂದು ಬರೆದರೆ ಅದು ಫೈಲಿನಲ್ಲಿ ಉಳಿಯುತ್ತದೆ, ಯಾವತ್ತೋ ಯಾರೋ ಗೌಡರಿಗೆ ಓದಿ ಹೇಳುತ್ತಾರೆ. ಅಲ್ಲಿಗೂ ಡಿಟ್ಟೋ ಹಾಕಿದೆ. ಫಾರಮಿನ ಕೆಳಗೆ 'ಎಸ್ಟೇಟಿನ ಪರವಾಗಿ' ಎಂದು ನನ್ನದೇ ರುಜು.

ಎರಡು ವಾರಕ್ಕೆ ಇನ್ನೊಂದು ಲಕೋಟೆ: ಹದಿಮೂರನೆಯ ಚಾಕುವಿನ ವಿಷಯದಲ್ಲಿ ಖುದ್ದಾಗಿ ಬಂದು ಸಮಜಾಯಿಷಿ ಕೊಡತಕ್ಕದ್ದು, ಅಲ್ಲಿಯವರೆಗೆ ಪೆಟ್ಟಿಗೆ ಬಿಡಲಾಗುವುದಿಲ್ಲ. ನಾನು ಗೌಡರ ಹತ್ತಿರ, ಸುಂಕದವರು ಏನೋ ಕೇಳುತ್ತಿದ್ದಾರೆ, ಹೋಗಿ ಬರಬೇಕು ಎಂದೆ. ಸರಿ, ಪೆಟ್ಟಿಗೆ ಹೊರಲು ಬೋರಣ್ಣ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಎಂದರು. ಅಲ್ಲಿಗೆ ನನ್ನ ನೆಮ್ಮದಿ ಪೂರ್ತಿ ಹೋಯಿತು. ಬೋರಣ್ಣ ಗೌಡರ ತಂದೆಯ ಕಾಲದವನು, ತೋಟದಲ್ಲಿ ಒಂದು ಎಲೆ ಉದುರಿದರೂ ಸಂಜೆ ಗೌಡರ ಜಗಲಿಯಲ್ಲಿ ಕೂತು ವರದಿ ಒಪ್ಪಿಸುವವನು. ಅವನೆದುರು ಆ ಪೆಟ್ಟಿಗೆ ಬಿಚ್ಚಿದರೆ, ರೈಟರ್ ಧಣಿಗಳ ಕಾಣಿಕೆ ನುಂಗಿದ್ದಾನೆ ಎಂಬ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತದೆ. ಕೆಲಸ ಹೋದೀತು, ಇಂಥ ಕಾರಣಕ್ಕೆ ಹೋದ ರೈಟರನನ್ನು ಗೋಣಿಬೀಡಿನಿಂದ ಕಳಸದವರೆಗೆ ಯಾವ ತೋಟದಲ್ಲೂ ಸೇರಿಸುವುದಿಲ್ಲ. ಹೊರಡುವವರೆಗಿನ ನಾಲ್ಕು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಂದವನಿಗೆ ಗೈರುಹಾಜರಿ ಹಾಕಿದೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಒಣಗಲು ಹರವಿದ್ದ ಪಾರ್ಚ್‌ಮೆಂಟ್ ಕಾಫಿಯ ಮೇಲೆ ಚಪ್ಪಲಿ ಮೆಟ್ಟಿಕೊಂಡು ನಡೆದು ಹೆಂಗಸರ ಕೈಯಲ್ಲಿ ಬೈಸಿಕೊಂಡೆ. ಕಡೆಗೆ ಸೀತಮ್ಮನ ಹತ್ತಿರ ಎಲ್ಲ ಹೇಳಿದೆ. ಮೇಲೆ ಬರೆದ ಮಾತನ್ನು ಅವಳು ಆಡಿದ್ದು ಆಗಲೇ. ಆಡಿ, ಹೋಗಿ ಗೌಡರಿಗೆ ಹೇಳಿಬಿಡಿ ಎಂದಳು. ನಾಳೆ ಹೇಳುತ್ತೇನೆ ಎಂದೆ. ನಾಳೆ ಬಸ್ಸು ಹತ್ತಿಬಿಟ್ಟೆ.

ಚಾರ್ಮಾಡಿ ಇಳಿಯುವಾಗ ಇಂಜಿನ್ನಿಗೆ ನೀರು ಹಾಕಲು ಬಸ್ಸು ಮೂರು ಕಡೆ ನಿಂತಿತು. ನಿಂತಲ್ಲೆಲ್ಲ ನಾನು ಕೆಳಗಿಳಿದು, ಬೋರಣ್ಣನಿಗೆ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದು, ಈ ಸಲ ಮೆಣಸು ಹೇಗಿದೆ ಎಂದು ಕೇಳಿದೆ. ಮೂರನೆಯ ಸಲ ಅವನು, ಎರಡು ಸಲ ಹೇಳಿದೆನಲ್ಲ ರೈಟ್ರೇ ಎಂದ. ಅವನ ಸೊಂಟದ ಹಿಂದೆ ಮರದ ಕೊಕ್ಕೆಯಲ್ಲಿ ಕತ್ತಿ ನೇತಾಡುತ್ತಿತ್ತು, ಮೊಳ ಉದ್ದದ್ದು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಕಡೆ ಗಂಡಸಿನ ಸೊಂಟದ ಕತ್ತಿಯನ್ನು ಯಾರು ನೋಡುತ್ತಾರೆ? ಅಂಗಿಗೆ ಗುಂಡಿ ಇದ್ದಹಾಗೆ ಅದು. ಘಟ್ಟ ಇಳಿದಲ್ಲಿಗೆ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ ಶುರುವಾಯಿತು, ನಾವು ಇಬ್ಬರೂ ಅದನ್ನು ದಾಟಿದೆವು, ಕತ್ತಿಯೂ ದಾಟಿತು.

ಸುಂಕದ ಅಧಿಕಾರಿ ಮದ್ರಾಸಿನ ಕಡೆಯವರು, ಕನ್ನಡ ಬಾರದು, ಇಂಗ್ಲಿಷ್ ಸ್ಪಷ್ಟ. ಬೋರಣ್ಣನನ್ನು ಹೊರಗೆ ಬಾಗಿಲ ಬಳಿ ನಿಲ್ಲಿಸಿ ನಾನು ಒಬ್ಬನೇ ಒಳಗೆ ಹೋದೆ. ಮೇಜಿನ ಮೇಲೆ ಹನ್ನೆರಡು ಬಾಗಿದ ಚಾಕುಗಳು ಸಾಲಾಗಿ ಮಲಗಿದ್ದವು. ಅಧಿಕಾರಿ ಹದಿಮೂರನೆಯದನ್ನು ಎತ್ತಿ ಗುಂಡಿ ಒತ್ತಿದರು. ಅಲಗು ಚಿಮ್ಮಿತು. ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ಆ ಸದ್ದು ಕೇಳಿ ನನಗೆ ಖುಷಿಯಾಯಿತು. ಇದರಿಂದ ಕಾಫಿ ಗಿಡವನ್ನು ಹೇಗೆ ಸವರುತ್ತೀರಿ, ಸ್ವಲ್ಪ ತೋರಿಸಿ ಎಂದು ಅವರು ಚಾಕುವನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಲಿಲ್ಲ. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಕೊಟ್ಟವನಿಗೂ ಪಡೆದವನಿಗೂ ಜಗಳ ಬರುತ್ತದೆ ಎಂದು ಭಯ. ಇಡುವವನು ಕೆಳಗಿಡುತ್ತಾನೆ, ಬೇಕಾದವನು ಎತ್ತಿಕೊಳ್ಳುತ್ತಾನೆ. ಸುಂಕದ ಅಧಿಕಾರಿಯ ಜೊತೆ ಜಗಳ ತಂದುಕೊಳ್ಳುವುದು ಯಾರಿಗೆ ಬೇಕು? ಅವರು ಇನ್ನಷ್ಟು ಮುಂದೆ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದು, ಕೆಳಗಿಡಿ ಸ್ವಾಮಿ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕಾಗದದ ಇಂಗ್ಲಿಷ್ ನನಗೆ ಎಷ್ಟು ಚೆನ್ನಾಗಿ ಬರುತ್ತದೋ ಬಾಯಿಯ ಇಂಗ್ಲಿಷ್ ಅಷ್ಟೇ ಮೊಂಡು. 'ಪುಟ್ ದಿ ನೈಫ್ ಡೌನ್' ಎಂದು ಬಂತು, ಗಾಬರಿಗೆ ಸ್ವಲ್ಪ ಜೋರಾಗಿಯೇ ಬಂತು.

ಹೊರಗೆ ಅದು ಹೇಗೆ ಕೇಳಿಸಿತೋ, ಕಚೇರಿಯ ಜವಾನ ಓಡಿಬಂದ. ಅವನು ನೋಡಿದ್ದು, ಚಿಮ್ಮಿದ ಚಾಕು ಹಿಡಿದು ನಿಂತ ತನ್ನ ಸಾಹೇಬರನ್ನು ಮತ್ತು ಗೋಡೆಗೆ ಒರಗಿ ಕೈಯೆತ್ತಿದ ನನ್ನನ್ನು. ಅವನ ಹಿಂದೆಯೇ ಬೋರಣ್ಣ ಬಂದ, ಸೊಂಟದ ಕತ್ತಿ ಸಮೇತ. ಈಗ ಹೆದರುವ ಸರದಿ ಅಧಿಕಾರಿಯದು. ಅವರು ಚಾಕುವನ್ನು ತಾವಾಗಿಯೇ ಮೇಜಿನ ಮೇಲೆ ಇಟ್ಟುಬಿಟ್ಟರು. ಇಟ್ಟ ಕೂಡಲೇ ನಾನು ಹೋಗಿ ಭಕ್ತಿಯಿಂದ ಎತ್ತಿಕೊಂಡೆ. ಜವಾನ ಊರಿನವನೇ, ಅವನಿಗೆ ವಿಷಯ ಹೊಳೆದು, ಸಾಹೇಬರಿಗೆ ನಮ್ಮ ಪದ್ಧತಿಯನ್ನು ತಿಳಿಸಿ ಹೇಳಿದ. ಸಾಹೇಬರು ನೀರು ಕುಡಿದು, ಬೋರಣ್ಣನ ಸೊಂಟ ತೋರಿಸಿ, ಇದಕ್ಕೆ ಲೈಸೆನ್ಸು ಎಲ್ಲಿ ಎಂದು ಕೇಳಿಸಿದರು.

"ಅದು ಹಡಗಲ್ಲಿ ಬಂದದ್ದಲ್ಲ ಸ್ವಾಮಿ, ಸೊಂಟದಲ್ಲಿ ಬಂದದ್ದು" ಎಂದ ಬೋರಣ್ಣ.

ಅಧಿಕಾರಿ ದಪ್ಪ ಪುಸ್ತಕ ತೆಗೆದು ಎರಡು ಕಡೆ ನೋಡಿ ಮುಚ್ಚಿದರು. ಅವರ ಅಧಿಕಾರವೆಲ್ಲ ಸಮುದ್ರದ ಕಡೆಯಿಂದ ಬರುವುದರ ಮೇಲೆ. ಬೆಟ್ಟದ ಕಡೆಯಿಂದ ನಡೆದು ಬರುವ ಮೊಳ ಉದ್ದದ ಕತ್ತಿಗೆ ಅವರ ಪುಸ್ತಕದಲ್ಲಿ ಜಾಗ ಇದ್ದಂತೆ ಕಾಣಲಿಲ್ಲ. ಮತ್ತೆ ನನ್ನ ಕೈಯ ಚಾಕು ತೋರಿಸಿ, ಇದರಿಂದ ಗಿಡ ಸವರುವುದು ಹೇಗೆ ಎಂದು ಜವಾನನಿಂದ ಕೇಳಿಸಿದರು. ಬೋರಣ್ಣ ನನ್ನ ಕೈಯಲ್ಲಿದ್ದುದನ್ನು ಆಗ ಸರಿಯಾಗಿ ನೋಡಿದ. ದಿನಾ ಹಾಜರಿಯಲ್ಲಿ ನಾನು ಬ್ಲೇಡಿನಿಂದ ಪೆನ್ಸಿಲ್ ಕೆತ್ತುವುದನ್ನು ಕಂಡವನು, ನನ್ನ ಮುಖವನ್ನೂ ನೋಡಿದ. ಆಮೇಲೆ ಜವಾನನ ಕಡೆ ತಿರುಗಿ, ಇದು ಗಿಡಕ್ಕಲ್ಲ, ನಮ್ಮ ರೈಟ್ರಿಗೆ ಪೆನ್ಸಿಲ್ ಕೆತ್ತೋದಕ್ಕೆ ಅಂತ ಹೇಳು ಮಾರಾಯ ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಧಿಕಾರಿ ನನ್ನ ಫಾರಮನ್ನು ಎದುರಿಗೆ ಹರಡಿ, ಬೇಸರದಿಂದಲೇ ಹೇಳಿದರು: ಪೆನ್ಸಿಲ್ ಎಂದು ಬರೆದಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದೆ, ಈಗ ನೀವು ರುಜು ಹಾಕಿದ ಕಾಗದ ಒಂದು ಹೇಳುತ್ತದೆ, ನಿಮ್ಮ ಮೇಸ್ತ್ರಿ ಒಂದು ಹೇಳುತ್ತಾನೆ, ಕೊಡುವ ಹಾಗಿಲ್ಲ. ಹನ್ನೆರಡು ಚಾಕು ನಮ್ಮ ಪೆಟ್ಟಿಗೆಗೆ ಬಂದವು. ಹದಿಮೂರನೆಯದನ್ನು ನಾನೇ ಮಡಚಿ ಮೇಜಿನ ಮೇಲೆ ಇಟ್ಟು ಬಂದೆ.

ಹಿಂದಿರುಗುವಾಗ ಬಸ್ಸು ಎಷ್ಟು ಸಲ ನಿಂತಿತೋ ಗೊತ್ತಿಲ್ಲ. ಬೋರಣ್ಣ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ನಿದ್ದೆ ಮಾಡಿದ. ಮರುದಿನ ಬೆಳಿಗ್ಗೆ ಗೌಡರು ಜಗಲಿಯಲ್ಲಿ ಒಂದೊಂದು ಚಾಕುವನ್ನೂ ಉಗುರಿನ ಮೇಲೆ ಆಡಿಸಿ ನೋಡಿದರು. ಚೆನ್ನಾಗಿವೆ ಎಂದರು. ನಾನು ಉಸಿರು ಬಿಡುವ ಹೊತ್ತಿಗೆ ತಲೆ ಎತ್ತಿದರು.

"ನಿಮ್ಮದು ಎಲ್ಲಿ ರೈಟ್ರೇ? ಗುಂಡಿ ಒತ್ತಿದ್ರೆ ಅಲಗು ಬರೋದು?"

ನಾನು ಬೋರಣ್ಣನ ಕಡೆ ನೋಡಿದೆ. ಅವನು, ನಾನಲ್ಲ ಎನ್ನುವಂತೆ ತಲೆಯಾಡಿಸಿದ. ನಿಮಗೆ ಹೇಗೆ ತಿಳಿಯಿತು ಎಂದು ತೊದಲಿದೆ.

"ಕಾಗದದ ಕೊನೇ ಸಾಲಲ್ಲಿ ಇತ್ತಲ್ಲ. ಮೈಸೂರಲ್ಲಿ ಹೈಸ್ಕೂಲು ಓದಿದೋನು ನಾನು. ಇಂಗ್ಲಿಷ್ ಮಾತಾಡೋಕೆ ಬೇಜಾರು ಅಷ್ಟೇ, ಓದೋಕೇನು? ನಿಮಗೆ ಆಸೆ ಇದೆ, ಇರಲಿ ಅಂತ ರುಜು ಹಾಕಿದೆ" ಎಂದು ಅವರು ಚಾಕುಗಳನ್ನು ಬೋರಣ್ಣನ ಮುಂದೆ ಸರಿಸಿ ತೋಟದ ಕಡೆ ಹೊರಟರು.

ಕೆಲಸ ಉಳಿಯಿತು. ಸೀತಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೆ ಮಾತ್ರ ಅಂದಿನಿಂದ ಚಾಕುವಿನ ಚಿಂತೆ ಹೋಗಿ ಬೇರೆಯದು ಹಿಡಿಯಿತು. ಆರು ವರ್ಷದಿಂದ ಪ್ರತಿ ಸುಗ್ಗಿಯಲ್ಲೂ ಕಾಫಿ ಹದ ಮಾಡುವ ಕಂಪನಿಯ ದೊರೆಗೆ ಗೌಡರ ಹೆಸರಿನಲ್ಲಿ ನಾನು ಕಾಗದ ಬರೆಯುತ್ತ ಬಂದಿದ್ದೆ. ಪ್ರತಿಯೊಂದರ ಕೊನೆಯಲ್ಲೂ ಒಂದು ಸಾಲು ಇರುತ್ತಿತ್ತು: 'ನನಗೆ ಇಂಗ್ಲಿಷ್ ಬಾರದ ಕಾರಣ, ಉತ್ತರವನ್ನು ದಯಮಾಡಿ ವಿದ್ಯಾವಂತರಾದ ನನ್ನ ರೈಟರ ಹೆಸರಿಗೇ ಬರೆಯತಕ್ಕದ್ದು.' ಅದರ ಕೆಳಗೆ ಪ್ರತಿ ಸಲವೂ, ನಾನು ಬೆರಳಿಟ್ಟು ತೋರಿಸಿದಲ್ಲೇ, ಗೌಡರು ದುಂಡಗೆ ರುಜು ಹಾಕಿದ್ದರು.