ಹಿತ್ತಲ ಬಾಗಿಲು ಮರೆತ ನಕ್ಷೆಯ ಆ್ಯಪ್ ಮಹಾಶಯರಿಗೆ

ಮೊಬೈಲಿನೊಳಗೇ ವಾಸವಾಗಿದ್ದು, ಒಂದು ಇಟ್ಟಿಗೆಯನ್ನೂ ಮುಟ್ಟದೆ ಊರೂರಿನ ಜನರಿಗೆ ಮನೆಯ ನಕ್ಷೆ ಬರೆದುಕೊಡುತ್ತಿರುವ ಸನ್ಮಾನ್ಯ ಆ್ಯಪ್ ಮಹಾಶಯರ ಸನ್ನಿಧಾನಕ್ಕೆ, ಮಸ್ಕಿಯಲ್ಲಿ ಬೀಜ ಮತ್ತು ರಸಗೊಬ್ಬರದ ಅಂಗಡಿ ಇಟ್ಟುಕೊಂಡು, ಯಾವ ಹೊಲಕ್ಕೆ ಯಾವ ಗೊಬ್ಬರವೆಂದು ಊರಿಗೆಲ್ಲ ಬುದ್ಧಿ ಹೇಳುತ್ತ, ತನ್ನ ಮನೆಯ ವಿಷಯಕ್ಕೆ ಮಾತ್ರ ತಮ್ಮ ಬುದ್ಧಿ ಕೇಳಿದ ಅನಿಲಕುಮಾರನು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಬ್ಯಾಟರಿ ಇರುವವರೆಗೆ ತಮಗೇನೂ ಕೊರತೆ ಬರಲಾರದು. ನಾವಿಲ್ಲಿ ಹಳೆಯ ಮನೆ ಕೆಡವಿ, ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದು, ಅದೇ ಜಾಗದಲ್ಲಿ ಹೊಸ ಮನೆ ಎಬ್ಬಿಸುವ ಉಮೇದಿನಲ್ಲಿದ್ದೇವೆ. ಕೆಳಗಿನ ಅಂತಸ್ತು ಹೇಗಿರಬೇಕೆಂದು ಮನೆಯವರನ್ನು ಕೇಳಿದರೆ ತಲೆಗೊಂದು ಮಾತು ಬಂದೀತೆಂದು ಹೆದರಿ, ಯಾರನ್ನೂ ಕೇಳದೆ ತಮ್ಮ ಮೊರೆ ಹೊಕ್ಕೆ.

ತಾವಾದರೋ ಎಷ್ಟು ಅಕ್ಕರೆಯಿಂದ ವಿಚಾರಿಸಿದಿರಿ! ಮಲಗುವ ಕೋಣೆ ಎಷ್ಟು, ಟಿ.ವಿ. ಯಾವ ಗೋಡೆಗೆ, ಕಾರಿಗೆ ಜಾಗ ಬೇಕೇ ಎಂದೆಲ್ಲ ಕೇಳಿದಾಗ, ನಮ್ಮಲ್ಲಿರುವುದು ಮೋಟರ್‌ ಸೈಕಲ್ ಒಂದೇ ಎಂದು ಹೇಳಲು ನಾಚಿಕೆಯಾಗಿ 'ಬೇಕು' ಎಂದು ಒತ್ತಿದೆ. ಹಾಲ್ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಗೆ 'ಸಿಂಧನೂರಿನ ನಮ್ಮ ಮಾವನವರ ಹಾಲ್‌ಗಿಂತ ಒಂದು ಗೇಣಾದರೂ ಹೆಚ್ಚು' ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲವಾದರೂ, ನನ್ನ ಅಂತರಂಗ ತಮಗೆ ಹೇಗೋ ತಿಳಿಯಿತು. ಕೋಣೆ, ಬಚ್ಚಲುಗಳನ್ನೆಲ್ಲ ಹಿಂದಿನ ಗೋಡೆಗೆ ದಬ್ಬಿ, ಹಿತ್ತಲ ಬಾಗಿಲನ್ನೇ ಇಲ್ಲವಾಗಿಸಿ, ಊರ ಪಂಚಾಯಿತಿ ಸೇರುವಷ್ಟು ದೊಡ್ಡ ಹಾಲ್ ಬಿಡಿಸಿ, ಕೆಳಗೆ 'ಭದ್ರತೆಯ ದೃಷ್ಟಿಯಿಂದ ಅತ್ಯುತ್ತಮ' ಎಂದು ಷರಾ ಬರೆದಿರಿ. ನಾನು ಉಬ್ಬಿಹೋಗಿ, ಲಿಂಗಸುಗೂರಿನವರೆಗೆ ಹೋಗಿ, ಅದರ ದೊಡ್ಡ ಬಣ್ಣದ ಪ್ರತಿ ತೆಗೆಸಿ, ಬರುವಾಗ ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೂ ಹರಡಿ ತೋರಿಸಿದೆ. ಹಿತ್ತಲ ಬಾಗಿಲು ಇಲ್ಲದ್ದು ನನ್ನ ಕಣ್ಣಿಗೂ ಬೀಳಲಿಲ್ಲ. ಮನೆಯ ಗಂಡಸಾಗಿ ಹುಟ್ಟಿದ ನನಗೆ ಆ ಬಾಗಿಲಿನ ಕೆಲಸವೇ ಬಿದ್ದಿರಲಿಲ್ಲ.

ಆ ಬಾಗಿಲಿನ ವೃತ್ತಾಂತವನ್ನು ತಮಗೆ ಅರಿಕೆ ಮಾಡಿಕೊಳ್ಳಬೇಕು. ನಮ್ಮ ಹಿತ್ತಲಿಗೆ ಹತ್ತಿಕೊಂಡ ಮನೆ ಯಮನಮ್ಮನದು. ಹೊಲಗಳಿಗೆ ಕೂಲಿಗೆ ಹೋಗುವ ಆಕೆ ಸಂಜೆಯಾದರೆ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ನಮ್ಮ ಅವ್ವ ಗುರುಲಿಂಗಮ್ಮ ಹೊಸ್ತಿಲ ಒಳಗೆ, ಆಕೆ ಹೊಸ್ತಿಲ ಹೊರಗೆ, ನಡುವೆ ಎಲೆ ಅಡಿಕೆಯ ಚೀಲ. ಜೋಳ ಹಸನು ಮಾಡುತ್ತ, ಇಬ್ಬರೂ ತಂತಮ್ಮ ಸೊಸೆಯರನ್ನು ಒಂದು ಸುತ್ತು ಆಡಿಕೊಂಡು, ಮೊಣಕಾಲು ನೀವಿಕೊಂಡು, ಕತ್ತಲಾದ ಮೇಲೆ ಏಳುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ಅವ್ವ ಯಾರೊಡನೆಯೂ ಮಾತಿಲ್ಲದೆ ಗೋಡೆಗೆ ಒರಗಿಬಿಟ್ಟಾಗ ಆಕೆಯ ಬಾಯಿ ಬಿಡಿಸಿದವಳು ಯಮನಮ್ಮ. ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ, ಅವ್ವನಿಗೆ ಹೊಸ ಟಿ.ವಿ. ತಂದುಕೊಟ್ಟಿದ್ದೆ.

ಇರಲಿ. ಒಳ್ಳೆಯ ದಿನ ನೋಡಿ ಗೌಂಡಿ ಹಸನ್‌ಸಾಬ್ ತಾವು ಕೊಟ್ಟ ನಕ್ಷೆಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದ. ಇನ್ನೂ ಇಲ್ಲದ ಆ ಮನೆಯೊಳಗೆ ಮನೆಮಂದಿಯೆಲ್ಲ ಎಷ್ಟು ಶಿಸ್ತಿನಿಂದ ಓಡಾಡಿದರೆಂದರೆ, ಒಬ್ಬರೂ ಗೆರೆ ದಾಟಲಿಲ್ಲ, ಎಲ್ಲರೂ ಬಾಗಿಲು ಬಿಟ್ಟ ಕಡೆಯಿಂದಲೇ ಹೋಗಿ ಬಂದರು; ನನ್ನ ಹೆಂಡತಿ ರಾಜಶ್ರೀಯಂತೂ ಬಚ್ಚಲ ಬಾಗಿಲನ್ನು ಕೈಯಿಂದ ಎಳೆದು ಮುಚ್ಚಿದಳು. ನಾನು ಸೋಫಾ ಬರುವ ಜಾಗದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

ಅಷ್ಟರಲ್ಲಿ ಯಮನಮ್ಮ ವಾಡಿಕೆಯಂತೆ ಹಿತ್ತಲಿನಿಂದ ಬಂದವಳು ಗೆರೆಯ ಮುಂದೆ ನಿಂತುಬಿಟ್ಟಳು. ಅತ್ತಿತ್ತ ನೋಡಿ "ಅಕ್ಕಾರ, ಬಾಗಿಲಾ ಎಲ್ಲೈತ್ರೀ?" ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. ವರ್ಷ ವರ್ಷ ಬಸವ ಜಯಂತಿಗೆ ಮೈಕು ಹಿಡಿಯುವ ನನಗೆ ಮಾತಿಗೆ ಬರವೇ? "ಸುತ್ತು ಹಾಕ್ಕೊಂಡು ಮುಂದಿಂದ ಬಾರವ್ವಾ, ಇನ್ನ ಮ್ಯಾಲೆ ನಮ್ಮನ್ಯಾಗ ಎಲ್ಲಾರಿಗೂ ಒಂದ ಬಾಗಿಲಾ" ಎಂದು ಘೋಷಿಸಿದೆ. ಚಪ್ಪಾಳೆ ಬರಲಿಲ್ಲ, ಅಷ್ಟೇ. ಆಕೆ ಸುತ್ತು ಹಾಕಿ ಬಂದು, ಮುಂದಿನ ಗೆರೆಯ ಬಳಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ "ನಾ ಇಲ್ಲೇ ಚಲೋ ಅದೀನಿ ತಗೋರಿ ಸಾವ್ಕಾರ" ಎಂದು ನಿಂತಳು.

ಆಗ ಅವ್ವ ನಿಧಾನವಾಗಿ ನನ್ನ ಹತ್ತಿರ ಬಂದು ಸೋಫಾ ಎಲ್ಲಿ ಬರುತ್ತದೆಂದು ಕೇಳಿದಳು. ನಿಂತ ಜಾಗ ತೋರಿಸಿದೆ. "ಮತ್ತ ಇಕಿ ಎಲ್ಲಿ ಕುಂದರಬೇಕು?" ಎಂದಳು. "ಎಲ್ಲೆರ ಕುಂದರ್ಲಿ ಬೇ, ಯಾರು ಬ್ಯಾಡಂದಾರ?" ಎಂದೆ. "ನಿಮ್ಮ ಮಾವ ಬಂದು ಕುಂತಾಗ?" ಎಂದಳು.

ಮಾನ್ಯರೇ, ಆ ಸಂಕಟದಲ್ಲಿ ನಾನು ತಮ್ಮನ್ನೇ ನೆನೆದೆ. ಫೋನು ತೆಗೆದು ನೋಡಿದರೆ ತಾವು ಸ್ನಾನಗೃಹದ ಟೈಲ್ಸಿನ ಜಾಹೀರಾತು ತೋರಿಸುತ್ತಿದ್ದಿರಿ. ಪಾಪ, ನಮ್ಮ ಮಾವನವರು ಈ ವಿಷಯದಲ್ಲಿ ಒಂದು ಮಾತೂ ಆಡಿದವರಲ್ಲ. ಅವರು ಏನೆಂದುಕೊಂಡಾರೆಂಬುದನ್ನು ಅವರ ಪರವಾಗಿ ನಾನೇ ಊಹಿಸಿ, ನಾನೇ ಅಂಜಿ, ಫೋನನ್ನು ಜೇಬಿಗೆ ಇಳಿಸಿದೆ. ಅವ್ವ ದನಿ ಏರಿಸದೆ ಹೇಳಿದಳು: "ಇಲ್ಲ ಇಕಿಗೆ ಸೋಫಾದ ಮ್ಯಾಲೆ ಜಾಗಾ ಕೊಡು, ಇಲ್ಲ ಹಿತ್ತಲ ಬಾಗಿಲಾ ಇಡು. ನನಗ ಮಾತಾಡಾಕ ಇರಾಕಿ ಅಕಿ ಒಬ್ಬಾಕಿ."

ತಮ್ಮ ಶಿಷ್ಯನು ಯಾವುದನ್ನು ಆರಿಸಿಕೊಂಡನೆಂದು ತಮಗೆ ಹೇಳಬೇಕಾಗಿಲ್ಲ. ಯಮನಮ್ಮನನ್ನು ಸೋಫಾದ ಮೇಲೆ ಕೂಡಿಸುವುದಕ್ಕಿಂತ ಗೋಡೆ ಒಡೆಯುವುದು ಸುಲಭವಾಗಿತ್ತು, ಅದಿನ್ನೂ ಸುಣ್ಣದ ಪುಡಿಯಾಗಿತ್ತು. ಹಸನ್‌ಸಾಬ್ ಕಾಲಿನಿಂದ ಗೆರೆ ಅಳಿಸಿ, ಬಚ್ಚಲನ್ನು ಸರಿಸಿ, ಹಿಂದೆ ಬಾಗಿಲು ಬಿಟ್ಟ. ಹಾಲ್ ಈಗ ಮಾವನವರ ಹಾಲ್‌ಗಿಂತ ಚಿಕ್ಕದು. ತಾಯಿಯ ಮಾತು ನಡೆಸಿದ ಮಗನೆಂದು ಓಣಿಯವರು ಹೊಗಳಿದರು, ನಾನು ತಲೆ ಬಾಗಿಸಿ ಸ್ವೀಕರಿಸಿದೆ. ಅವ್ವ ಹೊಗಳಲಿಲ್ಲ. ಆಕೆಯ ಎದುರು ಅಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದಕಾರಣ ತಮ್ಮಲ್ಲಿ ನಮ್ರ ಬೇಡಿಕೆ. ಮುಂದಿನ ಅಪ್‌ಡೇಟಿನಲ್ಲಿ ಕಾರಿನ ಪ್ರಶ್ನೆಗಿಂತ ಮೊದಲು, ಈ ಮನೆಗೆ ಯಾರು ಯಾವ ಬಾಗಿಲಿನಿಂದ ಬರುತ್ತಾರೆ, ಬಂದವರು ಎಲ್ಲಿ ಕೂಡುತ್ತಾರೆ ಎಂಬುದನ್ನು ಕೇಳುವ ಕೃಪೆ ಮಾಡಬೇಕು. ಮನೆಯ ಯಜಮಾನ ಮೈಕು ಹಿಡಿಯುವವನಾದರೆ ಆತನ ಭಾಷಣದ ಉದ್ದಗಲ ತೆಗೆದುಕೊಂಡು, ಅದು ಆತನದೇ ಹಾಲ್‌ನಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಅಳೆದು ತೋರಿಸುವ ಸೌಕರ್ಯವನ್ನೂ ಕಲ್ಪಿಸಿದರೆ, ನನ್ನಂಥವರು ನಕ್ಷೆಯ ಹಂತದಲ್ಲೇ ಬಚಾವಾಗುತ್ತಾರೆ.

ಇಷ್ಟಾದರೂ ತಮ್ಮನ್ನು ಫೋನಿನಿಂದ ತೆಗೆದುಹಾಕದ,
ತಮ್ಮ ವಿಶ್ವಾಸಿ,
ಅನಿಲಕುಮಾರ, ಮಸ್ಕಿ

ತಾ.ಕ.: ಗೃಹಪ್ರವೇಶದ ದಿನ ಎಲ್ಲರಿಗಿಂತ ಮೊದಲು ಆಕಳು ಮುಂಬಾಗಿಲಿನಿಂದ ಒಳಗೆ ಬರಬೇಕೆಂದು ಹಿರಿಯರ ಅಪ್ಪಣೆಯಾಗಿದೆ. ಅದನ್ನು ಹಾಲ್‌ನಲ್ಲಿ ಸೋಫಾದ ಪಕ್ಕ ನಿಲ್ಲಿಸಿ ಪೂಜೆ ಮಾಡಲು ಮಾವನವರೂ ಸಂತೋಷದಿಂದ ಒಪ್ಪಿದ್ದಾರೆ. ನಮ್ಮ ಓಣಿಯಲ್ಲಿ ಆಕಳಿರುವುದು ಯಮನಮ್ಮನ ಮನೆಯಲ್ಲಿ ಮಾತ್ರ, ಮತ್ತು ಆಕೆ ಹಗ್ಗ ಹಿಡಿಯದೆ ಅದು ಒಂದು ಹೆಜ್ಜೆಯೂ ಇಡುವುದಿಲ್ಲ. ಆಕಳು ಮುಂದಿನ ಬಾಗಿಲಿನಿಂದಲೂ ಹಗ್ಗ ಹಿಡಿದವಳು ಹಿಂದಿನ ಬಾಗಿಲಿನಿಂದಲೂ ಬರಬೇಕಾದರೆ ಹಗ್ಗ ಎಷ್ಟು ಉದ್ದವಿರಬೇಕೆಂದು ದಯವಿಟ್ಟು ಲೆಕ್ಕ ಹಾಕಿ ತಿಳಿಸಿರಿ.