ದೇವದೂತರ ಮೂಲಕ ಹಾಕಿದ ಅರ್ಜಿ

ದೇವರ ವಿಷಯದಲ್ಲಿ ನನಗೆ ಆಗಾಗ ಸಂಶಯ ಬರುವುದುಂಟು; ದೇವದೂತರ ವಿಷಯದಲ್ಲಿ ಎಂದೂ ಬಂದಿಲ್ಲ. ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರ ಗುಮಾಸ್ತ ನಾನು. ದೊಡ್ಡ ಸಾಹೇಬರು ನೇರವಾಗಿ ಸಿಗದ ಕಡೆಯಲ್ಲೆಲ್ಲ ನಡುವೆ ಒಬ್ಬ ಹುಟ್ಟಿಕೊಳ್ಳಲೇಬೇಕು ಎಂಬುದು ನನ್ನ ಅನುಭವ. ಹಿಂದಿನವರೂ ತಮ್ಮ ರಾಜರ ದರ್ಬಾರು ನೋಡಿಯೇ ಸ್ವರ್ಗದಲ್ಲಿ ಸಿಬ್ಬಂದಿ ನೇಮಿಸಿರಬೇಕು. ಹೀಬ್ರೂ, ಗ್ರೀಕ್ ಭಾಷೆಗಳಲ್ಲೂ ದೇವದೂತನೆಂದರೆ ಮೂಲತಃ ಸುದ್ದಿ ತರುವವನು ಅಂತಲೇ ಅರ್ಥವಂತೆ. ನಮ್ಮಜ್ಜಿಯ ಅಸ್ತು ದೇವತೆಗಳಂತೂ ದೀಪ ಹಚ್ಚುವ ಹೊತ್ತಿಗೆ ಮನೆಯ ಮೇಲೆ ಹಾದುಹೋಗುತ್ತ, ಕಿವಿಗೆ ಬಿದ್ದದ್ದಕ್ಕೆಲ್ಲ 'ಅಸ್ತು' ಎನ್ನುತ್ತಿದ್ದರು. ನಾನು ಹೊಟ್ಟೆನೋವೆಂದು ನಾಟಕವಾಡಿದರೆ ಅಜ್ಜಿ, "ಥೂ, ಮುಸ್ಸಂಜೇಲಿ ಇದೆಂಥ ಮಾತೋ! ಬಿಡ್ತು ಅನ್ನು!" ಎಂದು ಗದರುತ್ತಿದ್ದಳು.

ಈ ವರ್ಷ ನಮ್ಮ ಕಚೇರಿಯಲ್ಲಿ ವರ್ಗಾವಣೆಯ ಗುಲ್ಲೆದ್ದಾಗ ನನಗೆ ಮೊದಲು ನೆನಪಾದದ್ದು ಮಧ್ಯಾಹ್ನದ ಊಟ. ನನ್ನ ಮನೆ ರವೀಂದ್ರನಗರದಲ್ಲಿ, ಕಚೇರಿಯಿಂದ ನಡೆದುಹೋಗುವಷ್ಟು ಹತ್ತಿರ. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಅನ್ನ ಸಾರು ಉಂಡು, ಒಂದು ಗಳಿಗೆ ಕಣ್ಣು ಮುಚ್ಚಿ ಬರುವ ಸುಖವಿದೆಯಲ್ಲ, ಅದನ್ನು ಬಿಟ್ಟು ನಾನು ಬದುಕಲಾರೆ. ಭದ್ರಾವತಿಗೆ ಹಾಕಿಬಿಟ್ಟರೆ ಡಬ್ಬಿಯ ತಣ್ಣನೆ ಚಿತ್ರಾನ್ನವೇ ಗತಿ.

ಪಕ್ಕದ ಮೇಜಿನ ರಫೀಕನೂ ಅಷ್ಟೇ ಚಡಪಡಿಸುತ್ತಿದ್ದ. ಶಿವಮೊಗ್ಗದ್ದೇ ಬಡಾವಣೆ ಆಲ್ಕೊಳದ ಹುಡುಗ, ಹೋದ ವರ್ಷವಷ್ಟೇ ಮದುವೆಯಾದವನು. "ಎಂಥ ಮಾಡೋದು ಮಾರಾಯ?" ಎಂದೆ.

"ದುವಾ ಮಾಡೋದು ಸಾರ್. ಆದ್ರೆ ನಮಗೋಸ್ಕರ ಅಲ್ಲ. ಇನ್ನೊಬ್ಬರಿಗೋಸ್ಕರ ಅವರ ಬೆನ್ನ ಹಿಂದೆ ಕೇಳ್ಕೊಂಡ್ರೆ, ಫರಿಷ್ತೆ, ಅಂದ್ರೆ ನಿಮ್ಮ ದೇವದೂತರು, ಪಕ್ಕದಲ್ಲೇ ನಿಂತು 'ಆಮೀನ್, ನಿನಗೂ ಅದೇ ಸಿಗ್ಲಿ' ಅಂತಾರೆ. ನಮ್ಮ ಅಮ್ಮಿ ಹೇಳ್ಕೊಟ್ಟಿದ್ದು."

ಆಹಾ! ಎಂಥ ವ್ಯವಸ್ಥೆ! ಅವತ್ತೇ ಸಂಜೆ ಕೋಟೆಯ ದೇವಸ್ಥಾನದಲ್ಲಿ ನಿಂತು, ಯಾರ ಫರಿಷ್ತೆಯಾದರೇನು, ಕೇಳಿಸಿಕೊಂಡರೆ ಸಾಕೆಂದು, "ರಫೀಕನ ಮನಸ್ಸಲ್ಲಿ ಇರುವುದನ್ನು ನಡೆಸಿಕೊಡಪ್ಪಾ" ಎಂದು ಬೇಡಿಕೊಂಡೆ. ಶಿವಮೊಗ್ಗ ಎಂದು ಬಿಡಿಸಿ ಹೇಳಲಿಲ್ಲ. ಶಿವಮೊಗ್ಗ ಬಿಟ್ಟು ಹೋಗಲು ಯಾರಿಗೆ ತಾನೇ ಮನಸ್ಸಿರುತ್ತದೆ? ಪರೋಪಕಾರದ ಪುಣ್ಯವೂ ಬಂತು, ಸ್ವಂತ ಕೆಲಸವೂ ಆಯಿತೆಂದು ಹಿಗ್ಗುತ್ತ ಮನೆಗೆ ಬಂದೆ.

ಆದೇಶ ಬಂದ ದಿನ ರಫೀಕ ಕುರ್ಚಿ ಬಿಟ್ಟು ಕುಣಿದೇಬಿಟ್ಟ. "ಭದ್ರಾವತಿ ಸಿಕ್ತು ಸಾರ್! ಬಾಣಂತನಕ್ಕೆ ಹೆಂಡ್ತಿ ಅಲ್ಲೇ ಅವಳ ತಾಯಿ ಮನೇಲಿದಾಳೆ. ಮಗಳು ಹುಟ್ಟಿ ತಿಂಗಳಾಯ್ತು, ಭಾನುವಾರ ಮಾತ್ರ ಮುಖ ನೋಡೋದಾಗಿ ಒದ್ದಾಡ್ತಿದ್ದೆ. ಬಾಯಿಬಿಟ್ಟು ಕೇಳಿದ್ರೆ ತಪ್ಪಿಹೋಗುತ್ತೆ ಅಂತ ಯಾರಿಗೂ ಹೇಳಿರ್ಲಿಲ್ಲ!"

"ಮತ್ತೆ ನಂದು?" ಎಂದೆ.

"ನಿಮಗೂ ಅದೇ ಸಾರ್!"

ಮನೆಯಲ್ಲಿ ಎಲ್ಲ ಹೇಳಿದಾಗ ಹೆಂಡತಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಅರ್ಜಿ ಬರೆಯೋದೇ ನಿಮ್ಮ ಕೆಲಸ. ಊರಿನ ಹೆಸರು ಹಾಕೋದು ಗೊತ್ತಾಗ್ಲಿಲ್ವೇನ್ರೀ?"

ಭದ್ರಾವತಿಗೆ ಹೋದ ಮೊದಲ ದಿನ ನಾನು ಡಬ್ಬಿ ತೆರೆಯುವಷ್ಟರಲ್ಲಿ ರಫೀಕ ಕೈಹಿಡಿದು ಎಳೆದುಕೊಂಡು ಹೋದ. ಅವನ ಅತ್ತೆ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ. ಬಿಸಿ ಅನ್ನ, ಬೇಳೆಯ ದಾಲ್ಚಾ; ನಿಜ ಹೇಳುತ್ತೇನೆ, ಸಾರನ್ನು ಮರೆತೆ. ಊಟವಾದ ಮೇಲೆ ಆ ಪುಟ್ಟ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಎಷ್ಟು ಸಂತೋಷವಾಯಿತೆಂದರೆ ಭದ್ರಾವತಿಯ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಅದು ನನ್ನ ಮುಖದ ಕಡೆ ತಿರುಗಿ, ನಿದ್ದೆಯಲ್ಲೇ ಬೊಚ್ಚುಬಾಯಿ ತೆರೆದು ನಕ್ಕಿತು.

"ಫರಿಷ್ತೆಗಳು ಅದರ ಕಿವೀಲಿ ಏನೋ ಕತೆ ಹೇಳ್ತಿದಾರೆ," ಎಂದರು ಕೂಸಿನ ಅಜ್ಜಿ, ರಫೀಕನ ಅತ್ತೆ.

ಊರಿನ ಹೆಸರು ಹಾಕದೆ ಅರ್ಜಿ ಸಲ್ಲಿಸಿದ ಗುಮಾಸ್ತನ ಕತೆಯೇ ಇರಬೇಕು.