ನಾಲ್ಕು ನೆಟ್ಟು, ಎರಡು ತೋಳು

ನಮ್ಮ ಮನೆಗೆ ಬರುವ ಇಂಟರ್ನೆಟ್ಟಿಗೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟವರು ಯಾರೋ, ಅವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. ನೋಡಿ ಏನು ಮಾಡುತ್ತೀರಿ ಎಂದು ಮಾತ್ರ ಕೇಳಬೇಡಿ. ಊರಾಚೆಯ ಕೊನೆಯ ಕಂಬ ದಾಟಿ ನಮ್ಮ ಹೊಸಿಲಿಗೆ ಬರುವಷ್ಟರಲ್ಲಿ ಅದಕ್ಕೆ ಏದುಸಿರು. ದೂರು ಕೊಟ್ಟರೆ ಕಂಪನಿಯವಳು, “ಮೇಡಂ, ನಿಮ್ದು ಸ್ಪೀಡು ಹತ್ತು ಎಂಬಿವರೆಗೆ ಅನ್ನೋ ಪ್ಲಾನು. ಒಂದು ಬಂದ್ರೂ ಅದು ಹತ್ತರ ಒಳಗೇ ತಾನೆ?” ಎಂದಳು. ಈ ತರ್ಕದ ಮುಂದೆ ಯಾವ ಪಂಡಿತೋತ್ತಮನೂ ನಿಲ್ಲಲಾರ.

ನಾನೇನು ಸಿನಿಮಾ ನೋಡಲು ಒದ್ದಾಡುತ್ತಿರಲಿಲ್ಲ. ನನಗೆ ಹೊಲಿಗೆ ಶಿಕ್ಷಕಿಯ ಸರ್ಟಿಫಿಕೇಟ್ ಬೇಕಿತ್ತು. ಅದೊಂದು ಕೈಗೆ ಬಂದರೆ ಮುಂದಿನ ಕೋಣೆಯಲ್ಲಿ ನನ್ನದೇ ತರಗತಿ, ಬಾಗಿಲ ಮೇಲೆ ನನ್ನದೇ ಬೋರ್ಡು. ಪರೀಕ್ಷೆ ನಡೆಯುವುದು ವಿಡಿಯೋದಲ್ಲಿ. ಪರೀಕ್ಷಕಿಯ ಕಣ್ಣೆದುರೇ ಒಂದು ಗಂಟೆಯಲ್ಲಿ ಬಟ್ಟೆ ಕತ್ತರಿಸಿ ಮಕ್ಕಳ ಅಂಗಿಯೊಂದನ್ನು ಹೊಲಿದು ತೋರಿಸಬೇಕು. ಚಿತ್ರ ಎರಡು ನಿಮಿಷ ನಿಂತರೆ ಪರೀಕ್ಷೆ ರದ್ದು. ಎರಡು ಸಲ ಕೂತೆ. ಎರಡು ಸಲವೂ ಕತ್ತರಿ ಎತ್ತುವಷ್ಟರಲ್ಲಿ ಪರದೆಯ ಮೇಲೆ ಬಾಯಿ ತೆರೆದ ವಿಗ್ರಹವಾದೆ. ಉಳಿದದ್ದು ಒಂದೇ ಅವಕಾಶ, ಅದೂ ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ಸುದ್ದಿ ಪೇಟೆಯಲ್ಲಿರುವ ನಾದಿನಿಗೆ ತಲುಪಿತು. (ಅತ್ತೆಗೂ ಅವರ ಮಗಳಿಗೂ ನಡುವಿನ ಸಂಪರ್ಕ ಮಾತ್ರ ಎಂದೂ ಕಡಿದದ್ದಿಲ್ಲ.) ಫೋನು ಮಾಡಿ, “ಪಾಪ, ನಿಮ್ಮ ಕಡೆ ನೆಟ್ಟೇ ಇಲ್ಲ. ಮೆಷಿನ್ ಹೊತ್ಕೊಂಡು ನಮ್ಮನೆಗೇ ಬಂದ್ಬಿಡು,” ಎಂದಳು.

ಆ ‘ಪಾಪ’ ಇದೆಯಲ್ಲ, ಅದು ನೇರ ನೆತ್ತಿಗೇರಿತು.

“ಹೋಗ್ಬಾರ್ದಾ? ಒಂದು ದಿನದ ಮಾತು,” ಎಂದರು ಯಜಮಾನರು.

“ಹೊಲಿದ್ರೆ ನನ್ನ ಮನೇಲಿ, ನನ್ನ ಮೆಷಿನ್ ಮೇಲೆ. ಇಲ್ಲಾಂದ್ರೆ ಈ ಜನ್ಮದಲ್ಲಿ ಯಾರಿಗೂ ಒಂದು ಗುಂಡಿ ಕೂಡ ಹಾಕಲ್ಲ!”

ಯಜಮಾನರು ತಮ್ಮ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು.

ದಾರಿ ತೋರಿಸಿದವಳು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವಾಕೆ. ನಾಲ್ಕು ಹಸಿರು ದೀಪಗಳಿದ್ದ ಪೆಟ್ಟಿಗೆಯೊಂದನ್ನು ಕೈಗಿಟ್ಟು, “ಒಂದು ನೆಟ್ ಸಾಲಲ್ಲ ಅಂದ್ರೆ ನಾಲ್ಕನ್ನ ಇದಕ್ಕೆ ಸೇರ್ಸಿ. ಜಡೆ ಹೆಣೆದ ಹಾಗೆ ಎಲ್ಲಾನೂ ಒಂದು ಮಾಡತ್ತೆ. ಒಂದೆಳೆ ಜಾರಿದ್ರೂ ಉಳಿದವು ಹಿಡ್ಕೊಳ್ತವೆ,” ಎಂದಳು. ಹನಿಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ!

ಮನೆಗೆ ಬಂದವಳೇ ಹನಿಗಳ ಶೇಖರಣೆಗೆ ಇಳಿದೆ. ನಮ್ಮ ಏದುಸಿರಿನ ಬ್ರಾಡ್‌ಬ್ಯಾಂಡ್ ಹೇಗೂ ಇತ್ತು. ಯಜಮಾನರ ಫೋನಿಗೆ ಸಿಗ್ನಲ್ ಸಿಗುವುದು ಬಚ್ಚಲ ಗವಾಕ್ಷಿಯಲ್ಲಿ ಮಾತ್ರ, ಆದ್ದರಿಂದ ಅವರಿಗೆ ಬಚ್ಚಲು. ಅತ್ತೆಯ ಫೋನಿಗೆ ಜೀವ ಬರುವುದು ಅಟ್ಟದ ಏಣಿಯ ಹತ್ತಿರ. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ತಮ್ಮ ವೈಫೈಯನ್ನು ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿಟ್ಟು, ಸ್ವತಃ ಪಹರೆ ನಿಲ್ಲಲು ಒಪ್ಪಿದರು.

“ನನ್ನ ಫೋನ್ ಯಾಕಮ್ಮಾ? ನಾನು ಮಗಳ ಹತ್ರ ಮಾತಾಡ್ಬೇಡ್ವಾ?” ಎಂದರು ಅತ್ತೆ.

“ಒಂದೇ ಒಂದು ಗಂಟೆ ಮೌನವಾಗಿರಿ ಅತ್ತೆ.” (ಈ ವಾಕ್ಯಕ್ಕಾಗಿ ನಾನು ಹನ್ನೆರಡು ವರ್ಷ ಕಾದಿದ್ದೆ.)

“ಬಚ್ಚಲಲ್ಲಿ ಒಂದು ಗಂಟೆ ನಾನೇನ್ ಮಾಡ್ಲಿ?” ಎಂದರು ಯಜಮಾನರು.

“ದಿನಾ ಏನ್ ಮಾಡ್ತೀರೋ ಅದನ್ನೇ. ಪೇಪರ್ ಓದಿ.”

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಕಲ ಸೈನ್ಯವೂ ತಂತಮ್ಮ ಠಾಣೆಯಲ್ಲಿತ್ತು. ನಾಲ್ಕೂ ದೀಪ ಹತ್ತಿದವು. ಪರದೆಯ ಮೇಲೆ ಪರೀಕ್ಷಕಿಯ ಕನ್ನಡಕದ ಗೀರು ಕೂಡ ಕಂಡಿತು! ಬಟ್ಟೆ ಹಾಸಿ ಬೆನ್ನು, ಎದೆ ಕತ್ತರಿಸಿದೆ. ಒಂದು ತೋಳು ಕತ್ತರಿಸಿದ್ದೆ, ಅಷ್ಟರಲ್ಲಿ ಅತ್ತೆಯ ಫೋನು ರಿಂಗಾಯಿತು.

“ಇಲ್ಲ ಕಣೇ, ಮಾತಾಡೋ ಹಾಗಿಲ್ಲ. ಸೊಸೆ ಪರೀಕ್ಷೆ,” ಎಂದರು ಅತ್ತೆ. ಆಮೇಲೆ, ಏಕೆ ಮಾತಾಡುವ ಹಾಗಿಲ್ಲ ಎಂಬುದನ್ನು ಮಗಳಿಗೆ ಆರು ನಿಮಿಷ ವಿವರಿಸಿದರು. ಮಾತಿನ ಭಾರಕ್ಕೆ ಅವರ ಫೋನಿನ ನೆಟ್ ಕಡಿದು ಮೂರನೆಯ ದೀಪ ಆರಿತು. ಕತ್ತರಿ ಹಿಡಿದೇ ಉಳಿದ ದೀಪ ಎಣಿಸಿದೆ. ಚಿತ್ರ ಮಾತ್ರ ನಿಲ್ಲಲಿಲ್ಲ!

ಇನ್ನೊಂದು ತೋಳಿನ ಬಟ್ಟೆಗೆ ಕತ್ತರಿ ಹಾಕಿದ್ದೆ, ಬಚ್ಚಲಿನಿಂದ ‘ಬುಳಕ್’ ಎಂಬ ಸದ್ದು, ಹಿಂದೆಯೇ, “ಲೇ, ಫೋನ್ ಬಕೀಟಿಗೆ ಬಿತ್ತು!” ಎಂಬ ಆರ್ತನಾದ. ಎರಡನೆಯ ದೀಪವೂ ಆರಿತು. ಆದರೂ ಚಿತ್ರ ಹೊಳೆಯ ಹಾಗೆ ಹರಿಯುತ್ತಲೇ ಇತ್ತು. ಅಡುಗೆಮನೆಯ ಕಿಟಕಿಯಾಚೆ ಡ್ರಿಲ್ ಮಾಸ್ತರು ಸೆಟೆದು ನಿಂತಿದ್ದರು. ನನ್ನ ಒಂದು ಕಣ್ಣು ಆ ಕಿಟಕಿಯ ಮೇಲೆ, ಇನ್ನೊಂದು ಪೆಟ್ಟಿಗೆಯ ದೀಪದ ಮೇಲೆ. ಕಾಲು ಮಾತ್ರ ಮೆಷಿನ್ ತುಳಿಯುತ್ತಲೇ ಇತ್ತು. ಐವತ್ತೈದು ನಿಮಿಷಕ್ಕೆ ಅಂಗಿ ಮುಗಿಸಿ ಎತ್ತಿ ಹಿಡಿದೆ.

“ನೆಟ್ ಅದ್ಭುತವಾಗಿದೆ ಕಣ್ರೀ,” ಎಂದರು ಪರೀಕ್ಷಕಿ. “ಹಳ್ಳಿಯಿಂದ ಇಷ್ಟು ಸ್ಪಷ್ಟ ಚಿತ್ರ ನಾನು ನೋಡೇ ಇಲ್ಲ.”

ನಾನು ಬೀಗಿದೆ.

“ಅದಕ್ಕೇ ಕಾಣಿಸ್ತಾ ಇದೆ. ಎರಡೂ ಎಡಗೈ ತೋಳು.”

ನೋಡಿಕೊಂಡೆ. ಹೊಲಿಗೆಯ ಮೊದಲ ಪಾಠ ಅದು. ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ನಾನು ಮಗುಚಬೇಕಾದ ಹೊತ್ತಿನಲ್ಲಿ ದೀಪ ಎಣಿಸುತ್ತಿದ್ದೆ. ಪರೀಕ್ಷಕಿ ಮರುಕದಿಂದಲೇ, “ಮುಂದಿನ ವರ್ಷ ಬನ್ನಿ,” ಎಂದರು. ಬಾಗಿಲ ಮೇಲಿನ ಬೋರ್ಡು ಒಂದು ವರ್ಷ ದೂರ ಹೋಯಿತು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಅತ್ತೆಯ ಫೋನು ಮತ್ತೆ ರಿಂಗಾಯಿತು. ಅವರು ನನ್ನನ್ನು ಏಣಿಯ ಹತ್ತಿರ ಕರೆದು, ಸ್ಪೀಕರ್ ಒತ್ತಿ ಮುಂದೆ ಹಿಡಿದರು.

“ಏನಾಯ್ತು?” ಎಂದಳು ನಾದಿನಿ. “ಪಾಪ, ಈ ಸಲಾನೂ ನೆಟ್ ಕೈಕೊಡ್ತಾ?”

ಎಂಥ ಸುಲಭದ ದಾರಿ! ಒಂದು ‘ಹೂಂ’ ಅಂದರೆ ಸಾಕು, ಮಾನ ಉಳಿಯುತ್ತದೆ. ಒದ್ದೆ ಫೋನು ಒರೆಸುತ್ತ ಬಂದ ಯಜಮಾನರು ‘ಹೂಂ ಅನ್ನು’ ಎಂದು ಕಣ್ಣಲ್ಲೇ ಬೇಡಿಕೊಂಡರು. ಅತ್ತೆ ಕೂಡ ತಲೆಯಾಡಿಸಿದರು. ಕಿಟಕಿಯಾಚೆಯಿಂದ ಡ್ರಿಲ್ ಮಾಸ್ತರು ಮಾತ್ರ, ಕರ್ತವ್ಯದಲ್ಲಿ ಲೋಪವಾಯಿತೋ ಎಂಬ ಮುಖ ಮಾಡಿಕೊಂಡು ನೋಡುತ್ತಿದ್ದರು.

ನಾನು ಕಣ್ಣೊರೆಸಿಕೊಂಡು ಫೋನನ್ನು ಕೈಗೆ ತೆಗೆದುಕೊಂಡೆ.

“ನೆಟ್ ಕೈಕೊಡೋದಾ? ನಮ್ಮನೆ ನೆಟ್ಟಾ? ಒಂದು ಸೆಕೆಂಡೂ ನಿಲ್ಲಲಿಲ್ಲ! ನಾನು ಹೊಲಿದ ಎರಡೂ ಎಡತೋಳು ಎಷ್ಟು ಚೆನ್ನಾಗಿ ಕಾಣಿಸಿದ್ವು ಅಂತ ಬೇಕಾದ್ರೆ ಆ ಪರೀಕ್ಷಕೀನೇ ಕೇಳು!”